ಫ್ಲೈ ರೀಲ್ ಕೊಳ್ಳುವ ಮೊದಲು



ಈ ಸಲದ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ಸ್ನೇಹಿತರೊಬ್ಬರು ಕೇಳಿದರು: "ನಿಮ್ಮ ಮಗ ಫ್ಲೈ ಫಿಶಿಂಗ್ ಮಾಡ್ತಾನಂತಲ್ಲ, ಈಗ ನಮ್ಮವಳೂ ಹಟ ಹಿಡಿದಿದಾಳೆ. ನೂರು ಡಾಲರ್ ಒಳಗೆ ಒಳ್ಳೇ ರೀಲ್ ಯಾವುದು ಹೇಳಿ ಸಾರ್." ನಾನು ತಟ್ಟೆ ಹಿಡಿದುಕೊಂಡೇ ಶುರು ಮಾಡಿದೆ. ಕೋಸಂಬರಿ ದಾಟಿ ಒಬ್ಬಟ್ಟು ಬಂದರೂ ನನ್ನ ಪೀಠಿಕೆ ಮುಗಿದಿರಲಿಲ್ಲ. ಹಿಂದಿನವರು ಗೊಣಗತೊಡಗಿದರು. "ಅದನ್ನೆಲ್ಲ ಬರೆದು ಕಳಿಸಿಬಿಡಿ, ಪತ್ರಿಕೆಯಲ್ಲಿ ಹಾಕೋಣ" ಎಂದು ಸಂಪಾದಕರು ನನ್ನನ್ನೂ ಸಾಲನ್ನೂ ಪಾರು ಮಾಡಿದರು. ಹಾಗಾಗಿ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಪರಿಣತನಲ್ಲ. ನಮ್ಮದು ಶೃಂಗೇರಿ ಕಡೆಯ ಸಸ್ಯಾಹಾರಿ ಮನೆ. ಚಿಕ್ಕಂದಿನಲ್ಲಿ ಮೀನಿನ ಜೊತೆ ನನಗಿದ್ದ ಸಂಬಂಧ ಎಂದರೆ ದೇವಸ್ಥಾನದ ಪಕ್ಕದ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚುವುದು. ಅಂಥವನು ಡೆನ್ವರಿಗೆ ಬಂದು, 2019ರಲ್ಲಿ, ಹನ್ನೊಂದು ವರ್ಷದ ಮಗನ ಕಾಟಕ್ಕೆ ಗಾಳ ಹಿಡಿದೆ. ಹಿಡಿದ ಮೀನನ್ನು ವಾಪಸು ನೀರಿಗೆ ಬಿಡುವುದು ಎಂಬ ಕರಾರಿನ ಮೇಲೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ಈ ಕರಾರಿಗೂ ರೀಲಿಗೂ ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಮಾಡಿದ ತಪ್ಪಿನಿಂದ ಪಾಠ ಶುರು ಮಾಡೋಣ. ಮಗನಿಗೆಂದು ಒಂದು ದೊಡ್ಡ ಕ್ರೀಡಾ ಸಾಮಗ್ರಿಯ ಅಂಗಡಿಗೆ ಹೋದೆ. ಹೆಸರು ಬೇಡ. ಅಲ್ಲಿನ ಯುವಕ ಬಹಳ ವಿನಯವಾಗಿ, ಗಾಜಿನ ಕಪಾಟಿನಿಂದ ಒಂದು ರೀಲ್ ತೆಗೆದು ಅಂಗೈಯಲ್ಲಿಟ್ಟ. ನೀಲಿ ಬಣ್ಣ, ಕನ್ನಡಿಯಂಥ ಹೊಳಪು, ತಿರುಗಿಸಿದರೆ ಬೆಣ್ಣೆ. 280 ಡಾಲರ್. "ಇದೊಂದು ತಗೊಂಡ್ರೆ ಜೀವಮಾನಕ್ಕೆ ಸಾಕು" ಎಂದ. ನಮ್ಮ ಕಡೆ ಮದುವೆಗೆ ಒಡವೆ ತೆಗೆಯುವಾಗ ಹೇಳುವ ಮಾತೇ! ಮರುಳಾದೆ. ಬಜೆಟ್ ಅಲ್ಲಿಗೇ ಮುಗಿದಿದ್ದರಿಂದ, ಅದಕ್ಕೆ ಸುತ್ತುವ ಲೈನ್ ಮಾತ್ರ ಅಂಗಡಿಯ ಮೂಲೆಯ ಬುಟ್ಟಿಯಲ್ಲಿದ್ದ 15 ಡಾಲರಿನದ್ದು ತಂದೆ.

ಬೇಸಿಗೆ ಪೂರ್ತಿ ಮಗನಿಗೆ ಒಂದು ಮೀನೂ ಸಿಗಲಿಲ್ಲ. ಮೀನು ಹೋಗಲಿ, ಲೈನ್ ಮುಂದಕ್ಕೇ ಹೋಗುತ್ತಿರಲಿಲ್ಲ. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಅವನ ಮುಂದೆ ಹತ್ತಡಿಯಲ್ಲೇ ದೊಪ್ಪನೆ ಬೀಳುತ್ತಿತ್ತು. ಆ ರೀಲಿನ ಭಾರಕ್ಕೆ ಒಂದು ಗಂಟೆಯಲ್ಲಿ ಕೈ ಸೋತು, "ಅಪ್ಪಾ, ನನಗೆ ಬರಲ್ಲ ಬಿಡು" ಎಂದು ಬಂಡೆಯ ಮೇಲೆ ಕೂತುಬಿಡುತ್ತಿದ್ದ. ನಾನೂ ಹುಡುಗನಲ್ಲೇ ದೋಷ ಇರಬೇಕು ಎಂದುಕೊಂಡೆ. ಒಂದೆರಡು ಸಲ ಗದರಿಯೂಬಿಟ್ಟೆ. ಇವತ್ತಿಗೂ ಅದನ್ನು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ಅಜ್ಜ, ನಿವೃತ್ತ ಮೇಷ್ಟ್ರು, ನಮ್ಮ ಗರಾಜಿನಲ್ಲಿ ಈ ವೈಭವವನ್ನು ನೋಡಿ ನಕ್ಕರು. ತಮ್ಮ ಹಳೆಯ ರಾಡ್ ಕೊಟ್ಟರು. ಅದರಲ್ಲಿದ್ದ ರೀಲ್ ಬಣ್ಣ ಹೋಗಿ ಬೋಳಾಗಿತ್ತು. ಗ್ಯಾರೇಜ್ ಸೇಲಿನಲ್ಲಿ 20 ಡಾಲರಿಗೆ ತಂದದ್ದಂತೆ. ಆದರೆ ಲೈನ್ ಹೊಸದು, ಒಳ್ಳೆಯದು. ಆ ಶನಿವಾರ ಕ್ಲಿಯರ್ ಕ್ರೀಕ್‌ನಲ್ಲಿ ಮಗ ಅರ್ಧ ಗಂಟೆಯೊಳಗೆ ಒಂಬತ್ತಿಂಚಿನ ಬ್ರೌನ್ ಟ್ರೌಟ್ ಹಿಡಿದ. ಅವನ ಮುಖ ನೋಡಿದವನಿಗೆ 280 ಡಾಲರ್ ಹೋಯಿತೆಂಬ ಬೇಸರವಾಗಲಿಲ್ಲ, ಒಂದು ಬೇಸಿಗೆ ಹೋಯಿತೆಂಬ ಬೇಸರವಾಯಿತು.

ಹಾಗೇಕಾಯಿತು ಎಂದು ತಿಳಿಯಬೇಕಾದರೆ ಫ್ಲೈ ಫಿಶಿಂಗ್ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ನಮ್ಮೂರ ಗಾಳದಲ್ಲಿ ಎರೆಹುಳ, ಸೀಸದ ಗುಂಡು ಎಲ್ಲ ಇರುತ್ತದೆ. ಎಸೆದರೆ ಆ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಕ್ಕೆಗೆ ಇರುವುದು ಪುಕ್ಕ, ನೂಲು ಸುತ್ತಿ ಮಾಡಿದ ನೊಣದಂಥ ವಸ್ತು. ಅದೇ ಫ್ಲೈ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಗಾಳಿಗೆ ನಮ್ಮ ಮುಖಕ್ಕೇ ಬರುತ್ತದೆ. ಆದ್ದರಿಂದ ತೂಕವನ್ನು ಲೈನಿಗೇ ಕೊಟ್ಟಿದ್ದಾರೆ. ಚಾಟಿ ಬೀಸಿದ ಹಾಗೆ ಬೀಸಿದರೆ ಭಾರದ ಲೈನ್ ಬಿಚ್ಚಿಕೊಂಡು ಮುಂದಕ್ಕೆ ಹೋಗಿ ಫ್ಲೈಯನ್ನು ನೀರಿನ ಮೇಲೆ ಇಡುತ್ತದೆ. ಲೈನಿಗೆ ನಂಬರ್ ಇರುವುದೂ ಈ ತೂಕಕ್ಕೇ. 5ನೇ ನಂಬರ್ ಅಂದರೆ ಮೊದಲ 30 ಅಡಿ ಸುಮಾರು 140 ಗ್ರೇನ್, ನಮ್ಮ ಲೆಕ್ಕದಲ್ಲಿ 9 ಗ್ರಾಂ ತೂಗುತ್ತದೆ. 8ನೇ ನಂಬರಾದರೆ 210 ಗ್ರೇನ್. ರಾಡ್ ಮೇಲೂ ಅದೇ ನಂಬರ್ ಬರೆದಿರುತ್ತದೆ. ಎರಡೂ ಕೂಡಿಬರಬೇಕು.

ಈಗ ನೋಡಿ, ಎಸೆಯುವ ಕೆಲಸ ರಾಡಿನದು ಮತ್ತು ಲೈನಿನದು. ಅದರಲ್ಲಿ ರೀಲಿನ ಪಾತ್ರವೇ ಇಲ್ಲ. ಚಿಕ್ಕ ಟ್ರೌಟ್ ಬಿದ್ದಾಗ ಎಳೆದುಕೊಳ್ಳುವುದು ಕೂಡ ರೀಲಿನಿಂದಲ್ಲ, ಎಡಗೈಯಲ್ಲಿ ಲೈನನ್ನು ಜಗ್ಗಿ ಜಗ್ಗಿ. ಹಾಗಾದರೆ ರೀಲ್ ಏನು ಮಾಡುತ್ತದೆ? ಹೊಲಿಗೆ ಮಿಷನ್ನಿನ ಬಾಬಿನ್ ಹಾಗೆ ಲೈನನ್ನು ಸಿಕ್ಕಾಗದಂತೆ ಇಟ್ಟುಕೊಳ್ಳುತ್ತದೆ. ಹೆಚ್ಚಿನ ಫ್ಲೈ ರೀಲುಗಳಲ್ಲಿ ಗೇರು ಕೂಡ ಇಲ್ಲ, ಹಿಡಿ ಒಂದು ಸುತ್ತು ಸುತ್ತಿದರೆ ಸ್ಪೂಲೂ ಒಂದೇ ಸುತ್ತು. 1874ರಲ್ಲಿ ವರ್ಮಾಂಟಿನ ಚಾರ್ಲ್ಸ್ ಓರ್ವಿಸ್ ಪೇಟೆಂಟ್ ಪಡೆದ, ಲೈನ್ ಬೇಗ ಒಣಗಲೆಂದು ತೂತು ಕೊರೆದ ಅಗಲ ಕಡಿಮೆಯ ಸ್ಪೂಲಿನ ರೀಲನ್ನು ಇವತ್ತು ಯಾರಾದರೂ ನೋಡಿದರೆ ತಕ್ಷಣ ಇದು ಫ್ಲೈ ರೀಲ್ ಎನ್ನುತ್ತಾರೆ. ಒಂದೂವರೆ ಶತಮಾನದಲ್ಲಿ ಮೂಲ ರೂಪ ಅಷ್ಟೊಂದು ಬದಲಾಗಿಲ್ಲ.

ರೀಲೇ ಪ್ರಾಣ ಎನ್ನುವಂಥ ಮೀನುಗಳೂ ಇವೆ, ಇಲ್ಲ ಎನ್ನುವುದಿಲ್ಲ. ಸಮುದ್ರದ ಮೀನು, ಸ್ಟೀಲ್‌ಹೆಡ್, ಸಾಮನ್ ಇವೆಲ್ಲ ನೂರಾರು ಅಡಿ ಓಡುತ್ತವೆ. ನಮ್ಮ ಕಾವೇರಿ ಕೊಳ್ಳದ ಮಹಶೀರ್ ಯಾರಿಗೂ ಕಡಿಮೆಯಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ! ಅಂಥದ್ದು ಬಿದ್ದರೆ ರೀಲಿನ ಬ್ರೇಕಿಲ್ಲದೆ ಏನೂ ನಡೆಯದು. ಆದರೆ ನಮ್ಮ ಮಕ್ಕಳು ಹೋಗುವುದು ಕ್ಲಿಯರ್ ಕ್ರೀಕಿಗೆ. ಅಲ್ಲಿನ ಮೀನುಗಳಲ್ಲಿ ಹೆಚ್ಚಿನವು ಒಂದು ಅಡಿಯೂ ಇರುವುದಿಲ್ಲ. ಅಂದಹಾಗೆ ಈ ಬ್ರೌನ್ ಟ್ರೌಟ್ ಕೂಡ ಇಲ್ಲಿಯದಲ್ಲ. 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳ ರೂಪದಲ್ಲಿ ಅಮೆರಿಕಕ್ಕೆ ಬಂದದ್ದು. ನಮಗಿಂತ ಹಿರಿಯ ವಲಸಿಗ, ವೀಸಾ ಚಿಂತೆ ಇಲ್ಲ ಅಷ್ಟೆ.

ಸರಿ, ಕೊಳ್ಳುವ ವಿಷಯಕ್ಕೆ ಬರೋಣ. ಮೊದಲು ಅಳತೆ. ಕೊಲೊರಾಡೋದ ಹೊಳೆಗಳಿಗೆ ಆರಂಭದ ರಾಡ್ ಎಂದರೆ 9 ಅಡಿ ಉದ್ದದ 5ನೇ ನಂಬರಿನದು. ಅದಕ್ಕೆ ರೀಲ್ ಡಬ್ಬಿಯ ಮೇಲೆ 5/6 ಎಂದು ಬರೆದಿರಬೇಕು. ನನ್ನ ನೀಲಿ ಸುಂದರಿ 7/8 ಆಗಿತ್ತು, ದೊಡ್ಡ ಮೀನಿಗೆಂದು ಮಾಡಿದ್ದು. 5/6 ಅಳತೆಯ ರೀಲುಗಳು ಸಾಮಾನ್ಯವಾಗಿ 4ರಿಂದ 6 ಔನ್ಸ್ ತೂಗುತ್ತವೆ. ರಾಡಿಗೆ ಸಿಕ್ಕಿಸಿ, ಕಾರ್ಕ್ ಹಿಡಿಯ ಮುಂಭಾಗದ ಹತ್ತಿರ ಒಂದು ಬೆರಳಿನ ಮೇಲೆ ನಿಲ್ಲಿಸಿ ನೋಡಿ. ತಕ್ಕಡಿಯ ಹಾಗೆ ಹೆಚ್ಚುಕಡಿಮೆ ಸಮನಾಗಿ ನಿಂತರೆ ಸಾಕು. ಮಕ್ಕಳ ಕೈಗೆ ಈ ಪರೀಕ್ಷೆ ಬಹಳ ಮುಖ್ಯ.

ಎರಡನೆಯದು ಡ್ರ್ಯಾಗ್. ಅಂದರೆ ಬ್ರೇಕು. ಮಾರಾಟಗಾರರು ಅತಿ ಹೆಚ್ಚು ಮಾತಾಡುವುದು ಇದರ ಬಗ್ಗೆಯೇ, ದುಡ್ಡು ಹೋಗುವುದೂ ಇದಕ್ಕೇ. ಇದರಲ್ಲಿ ಎರಡು ಜಾತಿ. ಹಳೆಯದು ಕ್ಲಿಕ್ ರೀಲ್. ಸ್ಪ್ರಿಂಗ್ ತಳ್ಳುವ ಒಂದು ಸಣ್ಣ ಲೋಹದ ಹಲ್ಲು ಚಕ್ರದ ಹಲ್ಲುಗಳ ಮೇಲೆ ಕಿರ್ರೆಂದು ಹಾರುತ್ತಿರುತ್ತದೆ, ಅಷ್ಟೆ. ಅದರ ಮುಖ್ಯ ಕೆಲಸ ಮೀನು ಥಟ್ಟನೆ ಎಳೆದಾಗ ಸ್ಪೂಲ್ ಅತಿಯಾಗಿ ಸುತ್ತಿ ಲೈನ್ ಗಂಟಾಗದಂತೆ ನೋಡಿಕೊಳ್ಳುವುದು. ಹೆಚ್ಚು ಹಿಡಿತ ಬೇಕೆಂದರೆ ಸ್ಪೂಲಿನ ಅಂಚನ್ನು ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ. ಇನ್ನೊಂದು ಡಿಸ್ಕ್ ಡ್ರ್ಯಾಗ್, ಕಾರಿನ ಡಿಸ್ಕ್ ಬ್ರೇಕಿನ ತಂಗಿ. ಕಾರ್ಕ್ ಅಥವಾ ಕಾರ್ಬನ್ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ತಡೆಯುತ್ತವೆ. ಗುಂಡಿ ತಿರುಗಿಸಿ ಬಿಗಿ ಮಾಡಬಹುದು.

ಡಿಸ್ಕ್ ಡ್ರ್ಯಾಗ್ ಕೊಳ್ಳುವಾಗ ಎಷ್ಟು ಬಿಗಿಯಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಅದು ತಪ್ಪು ಪ್ರಶ್ನೆ. ಲೈನಿನ ತುದಿಯಲ್ಲಿ ಫ್ಲೈಗೆ ಕಟ್ಟುವ ಸಣ್ಣ ದಾರಕ್ಕೆ ಟಿಪ್ಪೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವುದು 5ಎಕ್ಸ್. ಹನ್ನೊಂದರಿಂದ ಆ ಸಂಖ್ಯೆ ಕಳೆದರೆ ದಪ್ಪ ಸಿಗುತ್ತದೆ: 11ರಲ್ಲಿ 5 ಹೋದರೆ 6, ಅಂದರೆ ಒಂದು ಇಂಚಿನ ಸಾವಿರದ ಆರು ಭಾಗ. ನಾಲ್ಕೈದು ಪೌಂಡ್ ಎಳೆತಕ್ಕೆ ತುಂಡಾಗುತ್ತದೆ. ರೀಲ್ ಇಪ್ಪತ್ತು ಪೌಂಡ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಮಗೇನು ಬಂತು? ಒಂದು ಪೌಂಡಿನಷ್ಟು ಸಡಿಲವಾಗಿಟ್ಟಾಗ ಅದು ನುಣ್ಣಗೆ ಹೊರಡುತ್ತದೆಯೇ ಎನ್ನುವುದೇ ಪ್ರಶ್ನೆ. ಅಗ್ಗದ ಕೆಲವು ರೀಲುಗಳು ಮೊದಲು ಕಚ್ಚಿಕೊಂಡು ಆಮೇಲೆ ಜಗ್ಗನೆ ಬಿಡುತ್ತವೆ. ಟಿಪ್ಪೆಟ್ ಹರಿಯುವುದು ಆ ಒಂದು ಕ್ಷಣದಲ್ಲಿ. ಅಂಗಡಿಯಲ್ಲಿ ಡ್ರ್ಯಾಗ್ ಸಡಿಲ ಮಾಡಿ, ಒಂದು ತುಂಡು ದಾರವನ್ನು ಸ್ಪೂಲಿಗೆ ಸುತ್ತಿ, ನಿಧಾನವಾಗಿ ಎಳೆದು ನೋಡಿ. ಮೊದಲ ಅಂಗುಲ ಹೇಗೆ ಬರುತ್ತದೋ ಹತ್ತನೆಯ ಅಂಗುಲವೂ ಹಾಗೇ ಬರಬೇಕು. ಈ ಪರೀಕ್ಷೆಯಲ್ಲಿ 60 ಡಾಲರಿನದು ಪಾಸಾಗಿ 150ರದ್ದು ಫೇಲಾದದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಮನೆಯ ಕರಾರಿನ ವಿಷಯ ಇಲ್ಲಿ ಬರುತ್ತದೆ. ಮೀನನ್ನು ಬಿಟ್ಟುಬಿಡುವುದಾದರೆ ಅದು ಬಿಟ್ಟ ಮೇಲೂ ಬದುಕಬೇಕಲ್ಲ. ಹೆಚ್ಚು ಹೊತ್ತು ಆಡಿಸಿದಷ್ಟೂ ಅದು ಸುಸ್ತಾಗುತ್ತದೆ. ಕೈಯಿಂದ ಜಗ್ಗುವಾಗ ಮಕ್ಕಳು ಗಾಬರಿಯಾಗಿ ಲೈನ್ ಬಿಡುವುದು, ಹಿಡಿಯುವುದು ಮಾಡಿ ಹೊತ್ತು ಕಳೆಯುತ್ತಾರೆ. ಸ್ವಲ್ಪ ದೊಡ್ಡ ಮೀನಾದರೆ ರೀಲಿಗೆ ಕೊಟ್ಟು, ನುಣುಪಾದ ಡ್ರ್ಯಾಗ್ ಇದ್ದರೆ ಬೇಗ ದಡಕ್ಕೆ ತರಬಹುದು. ಅದಕ್ಕೇ ಹೇಳಿದ್ದು, ಡ್ರ್ಯಾಗಿನ ಬಲ ಬೇಡ, ನಯ ಬೇಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಿ. ನೀರಿನ ಉಷ್ಣತೆ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ದಾಟಿದರೆ ಟ್ರೌಟಿಗೆ ಉಸಿರಾಟವೇ ಕಷ್ಟ. ಆಗಸ್ಟ್ ಮಧ್ಯಾಹ್ನಗಳಲ್ಲಿ ಗಾಳ ಒಳಗಿಟ್ಟು ಐಸ್‌ಕ್ರೀಮ್ ತಿನ್ನಲು ಹೋಗಿ.

ಮೂರನೆಯದು ಸ್ಪೂಲಿನ ನಡುವಿನ ದಿಂಡು, ಆರ್ಬರ್ ಎನ್ನುತ್ತಾರೆ. ದಪ್ಪ ದಿಂಡಿನದೇ ತೆಗೆದುಕೊಳ್ಳಿ. ಲೆಕ್ಕ ಸುಲಭ. ಸುತ್ತಿನ ವ್ಯಾಸ 2 ಇಂಚಾದರೆ ಒಂದು ಸುತ್ತಿಗೆ ಆರು ಇಂಚು ಚಿಲ್ಲರೆ ಲೈನ್ ಬರುತ್ತದೆ, 3 ಇಂಚಾದರೆ ಒಂಬತ್ತು ಇಂಚು ಚಿಲ್ಲರೆ. ಹತ್ತು ಮೀಟರ್ ಒಳಗೆಳೆಯಲು ಒಂದರಲ್ಲಿ 63 ಸುತ್ತು, ಇನ್ನೊಂದರಲ್ಲಿ 42. ಜೊತೆಗೆ ಸಣ್ಣ ದಿಂಡಿಗೆ ಸುತ್ತಿದ ಲೈನ್ ಸಣ್ಣ ಸುರುಳಿಯಾಗಿ ಹಾಗೇ ನಿಂತುಬಿಡುತ್ತದೆ, ವಿಶೇಷವಾಗಿ ನಮ್ಮ ಕೊಲೊರಾಡೋ ಚಳಿಯಲ್ಲಿ.

ಯಾವುದರಿಂದ ಮಾಡಿದ್ದು ಎನ್ನುವುದು ನಾಲ್ಕನೆಯದು. ಅಗ್ಗದಲ್ಲಿ ಪ್ಲಾಸ್ಟಿಕ್ ಜಾತಿಯ ಕಾಂಪೋಸಿಟ್ ಇದೆ. ಹಗುರ, ತುಕ್ಕಿಲ್ಲ, ಬಂಡೆಗೆ ಬಿದ್ದರೆ ಮಾತ್ರ ಅನುಮಾನ. ಅದರ ಮೇಲೆ ಎರಕದ ಅಲ್ಯುಮಿನಿಯಂ. ಇಡ್ಲಿ ತಟ್ಟೆಗೆ ಹಿಟ್ಟು ಹುಯ್ದ ಹಾಗೆ ಕರಗಿದ ಲೋಹವನ್ನು ಅಚ್ಚಿಗೆ ಹುಯ್ದು ಮಾಡುವುದು. ಅದಕ್ಕೂ ಮೇಲೆ ಗಟ್ಟಿ ಲೋಹದ ತುಂಡನ್ನು ಯಂತ್ರದಲ್ಲಿ ಕೊರೆದು ಮಾಡಿದ್ದು. ಬೆಲೆ ಹಾರುವುದು ಅಲ್ಲಿ. ಆರಂಭಕ್ಕೆ ಎರಕದ್ದು ಧಾರಾಳ ಸಾಕು. ಓರ್ವಿಸ್ ಕ್ಲಿಯರ್‌ವಾಟರ್, ಲ್ಯಾಮ್ಸನ್ ಲಿಕ್ವಿಡ್ ಇವೆಲ್ಲ ಎರಕದವೇ, ನೂರರ ಆಸುಪಾಸಿನಿಂದ ನೂರೈವತ್ತರ ಮೇಲಿನವರೆಗೆ. 50-60ರಲ್ಲೂ ಬೇರೆ ಕಂಪನಿಗಳ ಒಳ್ಳೆಯವು ಸಿಗುತ್ತವೆ. ಆನ್‌ಲೈನಿನಲ್ಲಿ ಮೂವತ್ತಕ್ಕೆ ಬರುವ, ಹೆಸರು ಉಚ್ಚರಿಸಲಾಗದ ಕಂಪನಿಗಳದ್ದೂ ಕೆಲವು ಚೆನ್ನಾಗಿಯೇ ಇವೆ, ಆದರೆ ಒಂದು ಸ್ಕ್ರೂ ಕಳೆದರೆ ಇಡೀ ರೀಲ್ ಕಸಕ್ಕೆ. ನನ್ನ ಆಯ್ಕೆ ಕೇಳಿದರೆ ಹಳೆಯದನ್ನು ಹುಡುಕಿ. ಫ್ಲೂಗರ್ ಮೆಡಲಿಸ್ಟ್ ಎಂಬ ಅಲ್ಯುಮಿನಿಯಂ ರೀಲ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಮೆರಿಕದ ತಾತಂದಿರ ಕೈಯಲ್ಲಿತ್ತು, ಈಗ ಅವರ ಗರಾಜುಗಳಲ್ಲಿದೆ. ಪಕ್ಕದ ಮನೆಯ ಅಜ್ಜ ಕೊಟ್ಟಿದ್ದೂ ಅದೇ. ಹಳೆಯದು ಕೊಳ್ಳುವಾಗ ಸ್ಪೂಲನ್ನು ಅಲ್ಲಾಡಿಸಿ ನೋಡಿ, ಲಟಲಟ ಅನ್ನಬಾರದು. ಸ್ಪೂಲಿಗೂ ಚೌಕಟ್ಟಿಗೂ ನಡುವೆ ಟಿಪ್ಪೆಟ್ ನುಸುಳುವಷ್ಟು ಸಂದು ಇದ್ದರೆ ಬೇಡ.

ಇನ್ನೊಂದು, ಎಡ-ಬಲದ ಗೊಂದಲ. ಬಲಗೈಯಲ್ಲಿ ಬೀಸುವವರು ಎಡಗೈಯಲ್ಲಿ ಸುತ್ತುವುದು ಅನುಕೂಲ. ಹೆಚ್ಚಿನ ರೀಲುಗಳನ್ನು ಎರಡು ಕಡೆಗೂ ಬದಲಾಯಿಸಬಹುದು. ಲೈನ್ ಸುತ್ತುವ ಮೊದಲು ಇದನ್ನು ನೋಡಿಕೊಳ್ಳಿ. ನಾನು ಮೊದಲ ಸಲ ಪೂರ್ತಿ ಲೈನನ್ನು ಉಲ್ಟಾ ಸುತ್ತಿ, ಒಳಗೆಳೆಯುವಾಗ ಬ್ರೇಕು, ಹೊರಗೆ ಹೋಗುವಾಗ ಸಡಿಲ ಮಾಡಿಟ್ಟಿದ್ದೆ. ಗೇರ್ ಬಿದ್ದಿದೆಯೋ ಏನೋ ಎಂದು ವಾರವೆಲ್ಲ ತಲೆ ಕೆಡಿಸಿಕೊಂಡೆ. ರೀಲಿನಲ್ಲಿ ಗೇರೇ ಇರುವುದಿಲ್ಲ ಎಂದು ಆಮೇಲೆ ತಿಳಿಯಿತು!

ಲೈನಿಗೆ ಮೊದಲು ಬ್ಯಾಕಿಂಗ್ ಎಂಬ ತೆಳು ದಾರ ಸುತ್ತಬೇಕು. ಡೇಕ್ರಾನ್ ದಾರ, 20 ಪೌಂಡಿನದು, ಸುಮಾರು 100 ಗಜ. ಟ್ರೌಟ್ ಎಂದೂ ಅಷ್ಟು ದೂರ ಓಡುವುದಿಲ್ಲ, ನಿಜ. ಆದರೆ ಅದು ದಿಂಡನ್ನು ಇನ್ನಷ್ಟು ದಪ್ಪ ಮಾಡುತ್ತದೆ, ಲೈನ್ ದೊಡ್ಡ ಸುರುಳಿಯಾಗಿ ಕೂರುತ್ತದೆ. ಇದನ್ನೂ ನಾನು ಉಳಿತಾಯ ಎಂದು ಬಿಟ್ಟಿದ್ದೆ. ಲೈನ್ ಕೊಂಡ ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಕಡೆ ಅವರೇ ಸುತ್ತಿಕೊಡುತ್ತಾರೆ, ಸಂಕೋಚ ಬೇಡ.

ದುಡ್ಡನ್ನು ಹೇಗೆ ಹಂಚಬೇಕು? ಕೈಯಲ್ಲಿ 250 ಡಾಲರ್ ಇದೆ ಎಂದಿಟ್ಟುಕೊಳ್ಳಿ. ನೂರು ರಾಡಿಗೆ, ಐವತ್ತು ರೀಲಿಗೆ, ಐವತ್ತರಿಂದ ಅರವತ್ತು ಲೈನಿಗೆ, ಉಳಿದದ್ದು ಫ್ಲೈ, ಟಿಪ್ಪೆಟ್ಟಿಗೆ. ಲೈನ್ ಡಬ್ಬಿಯ ಮೇಲೆ ಡಬ್ಲ್ಯೂಎಫ್-5-ಎಫ್ ಎಂದಿರಲಿ: ಮುಂಭಾಗ ಭಾರ, 5ನೇ ನಂಬರ್, ತೇಲುವಂಥದ್ದು. ರೀಲಿಗಿಂತ ಲೈನಿಗೆ ಹೆಚ್ಚು ಕೊಟ್ಟಿರಲ್ಲ ಎಂದು ಯಾರಾದರೂ ನಕ್ಕರೆ ನಗಲಿ. ರಾಡ್, ರೀಲ್, ಲೈನ್ ಎಲ್ಲ ಸೇರಿದ ಸೆಟ್ ಕೂಡ ಸಿಗುತ್ತದೆ, ಮೊದಲ ವರ್ಷಕ್ಕೆ ಅದೂ ಕೆಟ್ಟದ್ದಲ್ಲ. ನಮ್ಮ ರಾಜ್ಯದಲ್ಲಿ 16 ತುಂಬಿದವರಿಗೆ ಲೈಸೆನ್ಸ್ ಬೇಕು, ಅದರ ದುಡ್ಡನ್ನು ಬೇರೆಯಾಗಿ ಇಟ್ಟುಕೊಳ್ಳಿ. 16ರ ಒಳಗಿನ ಮಕ್ಕಳಿಗೆ ಬೇಡ.

ಮನೆಗೆ ಬಂದ ಮೇಲೆ ರೀಲನ್ನು ನಲ್ಲಿ ನೀರಿನಲ್ಲಿ ತೊಳೆದು, ಸ್ಪೂಲ್ ತೆಗೆದು ಒಣಗಿಸಿ. ಮರಳು ಇದರ ಮೊದಲ ಶತ್ರು. ಚಳಿಗಾಲಕ್ಕೆ ಎತ್ತಿಡುವಾಗ ಡ್ರ್ಯಾಗ್ ಸಡಿಲ ಮಾಡಿ, ಇಲ್ಲದಿದ್ದರೆ ಬಿಲ್ಲೆಗಳು ಅಂಟಿಕೊಳ್ಳುತ್ತವೆ.

2023ರ ಬೇಸಿಗೆಯಲ್ಲಿ ಅಮ್ಮ ಊರಿಂದ ಬಂದಿದ್ದರು. ಮೊಮ್ಮಗ ಮೀನು ಹಿಡಿಯುತ್ತಾನೆ ಎಂದು ಗೊತ್ತಾಗಿ ಎರಡು ದಿನ ಮಾತಿಲ್ಲ. ಮೂರನೆಯ ದಿನ, "ಬಾಯಿಗೆ ಚುಚ್ಚಿದ್ರೆ ನೋಯಲ್ವೇನೋ ಅದಕ್ಕೆ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆ ವಾರ ಡೆಕರ್ಸ್ ಹತ್ತಿರ ಸೌತ್ ಪ್ಲ್ಯಾಟ್ ದಂಡೆಗೆ ಅವರೂ ಬಂದು ಮಡಿಸುವ ಕುರ್ಚಿಯಲ್ಲಿ ಶಾಲು ಹೊದ್ದು ಕೂತರು. ಮಗನಿಗೆ ಒಂದು ರೇನ್‌ಬೋ ಬಿತ್ತು. ಅಜ್ಜನ ಬೋಳು ರೀಲ್ ಕಿರ್ರೆಂದಿತು, ಅವನು ಅಂಗೈ ಒತ್ತಿ ಹತ್ತಿರ ತಂದು, ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿ, ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತ. ಅದು ಬಾಲ ಬಡಿದು ಹೋಯಿತು. ಅಮ್ಮ ಎದ್ದು ನಿಂತು ನೋಡುತ್ತಿದ್ದರು. "ಅದಕ್ಕೆ ಹೊಟ್ಟೆಗೇನೂ ಕೊಡ್ಲಿಲ್ಲವಲ್ಲೋ, ಬರೀ ಮೋಸ" ಎಂದರು. ಊರಿಗೆ ಹೊರಡುವಾಗ ಅವನಿಗೆ, ಮುಂದಿನ ಸಲ ಶೃಂಗೇರಿಗೆ ಬಂದಾಗ ಮಂಡಕ್ಕಿ ಹಾಕಿ ಲೆಕ್ಕ ತೀರಿಸಬೇಕು ಎಂದು ಹೇಳಿ ಹೋದರು. ಎರಡು ಸೇರು ಎಂದು ಲೆಕ್ಕವೂ ಕೊಟ್ಟಿದ್ದಾರೆ.

ಆ ನೀಲಿ ರೀಲ್ ಈಗಲೂ ನನ್ನ ಗರಾಜಿನಲ್ಲಿದೆ. ಯಾರಾದರೂ ಸಮುದ್ರದ ಮೀನಿಗೆ ಹೋಗುವವರಿದ್ದರೆ ಕೇಳಿ, ಅರ್ಧ ಬೆಲೆಗೆ ಕೊಡುತ್ತೇನೆ. ಬೀಸಿ ನೋಡಬೇಕೆನ್ನುವ ಮಕ್ಕಳಿಗಾಗಿ ಬೇಸಿಗೆ ಪಿಕ್ನಿಕ್ಕಿಗೆ ಎರಡು ರಾಡ್ ತರುತ್ತೇನೆ, ಕೊಕ್ಕೆ ಇಲ್ಲದೆ, ಹುಲ್ಲಿನ ಮೇಲೆ. ಊಟದ ಸಾಲಿನಲ್ಲಿ ಮಾತ್ರ ಏನೂ ಕೇಳಬೇಡಿ.